ದಾಖಲೆ ಹೊರುವವರು ಯಾರು?



ಆರೋಗ್ಯದ ವಿಷಯವನ್ನು ಕನ್ನಡದಲ್ಲೇ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಅದು ಒಳ್ಳೆಯ ಷರತ್ತು. ನಾನು ಇವತ್ತು ಆರಿಸಿಕೊಂಡಿರುವ ವಿಷಯದ ಚರ್ಚೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಅದರ ಲಾಭನಷ್ಟ ಅನುಭವಿಸಬೇಕಾದವರು ಆ ಚರ್ಚೆಯಲ್ಲಿ ಇರುವುದಿಲ್ಲ. ವಿಷಯ ಇಷ್ಟು: ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ರೋಗಿಯ ವಿವರ ಇನ್ನೊಂದು ಆಸ್ಪತ್ರೆಯ ಕಂಪ್ಯೂಟರಿಗೆ ಬೇಕಾದ ಹೊತ್ತಿಗೆ, ಅರ್ಥ ಕೆಡದಂತೆ ತಲುಪುವುದು ಹೇಗೆ?

ನಾನು ಹೆರಿಗೆ ವೈದ್ಯೆ. ಉದಾಹರಣೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿದ ಮೇಲೆ, ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ, ತವರಿನವರು ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ಗಂಡನ ಊರಿನ ಆಶಾ ಕಾರ್ಯಕರ್ತೆಗೆ, ಎಎನ್‌ಎಂ ಸಿಸ್ಟರ್‌ಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಆಕೆಯ ರಕ್ತಹೀನತೆ ಎಷ್ಟು, ಬಿಪಿ ಎಷ್ಟು, ಹಿಂದೆ ಗರ್ಭಪಾತವಾಗಿತ್ತೇ ಎಂಬುದೆಲ್ಲ ಗೊತ್ತಿರುತ್ತದೆ. ಬಸ್ಸು ಹತ್ತಿದ ದಿನವೇ ಆಕೆ ಬೇರೊಂದು ತಾಲ್ಲೂಕಿನ, ಕೆಲವೊಮ್ಮೆ ಬೇರೊಂದು ರಾಜ್ಯದ ವೈದ್ಯರಿಗೆ ಸೇರಿದವಳಾಗುತ್ತಾಳೆ. ಗರ್ಭಾವಸ್ಥೆಯ ಅತ್ಯಂತ ಎಚ್ಚರದ ವಾರಗಳಲ್ಲಿಯೇ ನಾವು ಹೆಣ್ಣುಮಗಳ ವೈದ್ಯರನ್ನು ಬದಲಾಯಿಸುತ್ತೇವೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಬಾಣಂತನಕ್ಕೆ ತಾಯಿಯ ಕೈಗಿಂತ ಒಳ್ಳೆಯ ಕೈ ಇಲ್ಲ. ವ್ಯವಸ್ಥೆ ಈ ಪದ್ಧತಿಗೆ ಹೊಂದಿಕೊಳ್ಳಬೇಕು, ಹೆಣ್ಣುಮಗಳು ವ್ಯವಸ್ಥೆಗೆ ಹೊಂದಿಕೊಳ್ಳಬೇಕಾಗಿಲ್ಲ.

ಇಲ್ಲಿಯತನಕ ಆ ವಿವರಗಳನ್ನೆಲ್ಲ ಒಂದು ಊರಿಂದ ಇನ್ನೊಂದು ಊರಿಗೆ ಹೊತ್ತಿರುವುದು ತಾಯಿ ಕಾರ್ಡು, ಅದರ ಜೊತೆಗೆ ಸ್ಕ್ಯಾನಿಂಗ್ ವರದಿಗಳನ್ನು ತುಂಬಿದ ಒಂದು ಪ್ಲಾಸ್ಟಿಕ್ ಕವರು. ತಾಯಿ ಕಾರ್ಡನ್ನು ನಾನು ಗೌರವದಿಂದ ನೋಡುತ್ತೇನೆ. ಕರೆಂಟು ಇಲ್ಲದಾಗಲೂ ಓದಬಹುದಾದ, ಯಾವ ಕಂಪನಿಯ ಅಪ್ಪಣೆಯೂ ಬೇಡದ ದಾಖಲೆ ಅದು. ಆದರೆ ಅದು ಮಳೆಯಲ್ಲಿ ನೆನೆಯುತ್ತದೆ, ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿಯುತ್ತದೆ, ಖಾಸಗಿ ಲ್ಯಾಬಿನಲ್ಲಿ ಮಾಡಿಸಿದ ಪರೀಕ್ಷೆ ಅದರಲ್ಲಿ ಏರಿರುವುದಿಲ್ಲ.

ಇದರ ಪರಿಣಾಮ ಏನೆಂಬುದನ್ನು ಒಂದೇ ಸಂಗತಿಯಿಂದ ಹೇಳುತ್ತೇನೆ. ನಮ್ಮ ದೇಶದಲ್ಲಿ ನೂರರಲ್ಲಿ ಸುಮಾರು ಐದು ಜನರ ರಕ್ತ ಆರ್‌ಹೆಚ್ ನೆಗೆಟಿವ್. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಕೊಡಬೇಕು. ಕೊಡದೆ ಹೋದರೆ ತಾಯಿಯ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ, ಮುಂದಿನ ಗರ್ಭದಲ್ಲಿ ಮಗುವಿನ ರಕ್ತಕಣಗಳನ್ನೇ ಒಡೆಯಬಹುದು. ರಕ್ತದ ಗುಂಪನ್ನು ಹೆರಿಗೆಯ ದಿನವೂ ಪರೀಕ್ಷಿಸಬಹುದು, ನಿಜ. ಆದರೆ ಮೂರು ವರ್ಷದ ಹಿಂದಿನ ಹೆರಿಗೆಯಲ್ಲಿ ಆ ಚುಚ್ಚುಮದ್ದು ಕೊಟ್ಟಿದ್ದರೇ, ಐದನೇ ತಿಂಗಳಲ್ಲಿ ರಕ್ತಸ್ರಾವವಾದಾಗ ಕೊಟ್ಟಿದ್ದರೇ ಎಂಬುದನ್ನು ಯಾವ ಪರೀಕ್ಷೆಯೂ ನಂಬಿಕೆಯಿಂದ ಹೇಳಲಾರದು. ಅದು ಬರೆದಿಟ್ಟವರಿಗೆ ಮಾತ್ರ ಗೊತ್ತು. ಬರೆದಿಟ್ಟ ಆ ಸಾಲು ಬೇರೆ ಜಿಲ್ಲೆಯ ಒಂದು ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿದೆ, ನನ್ನ ಎದುರಿಗೆ ಮಲಗಿರುವ ತಾಯಿಗೆ ಮಾತ್ರ ಅದರಿಂದ ಉಪಯೋಗವಿಲ್ಲ.

ಎರಡೂ ಕಡೆ ಕಂಪ್ಯೂಟರು ಇದ್ದ ಮೇಲೆ ಒಂದಕ್ಕೊಂದು ಮಾತಾಡಲು ಏನು ಅಡ್ಡಿ ಎಂದು ಜನ ಕೇಳುತ್ತಾರೆ. ಬ್ಯಾಂಕಿನ ಹಣ ಕ್ಷಣದಲ್ಲಿ ಹೋಗುವುದಿಲ್ಲವೇ ಎನ್ನುತ್ತಾರೆ. ಹಣ ಎಂದರೆ ಒಂದು ಸಂಖ್ಯೆ. ನೂರು ರೂಪಾಯಿ ಬೀದರಿನಲ್ಲೂ ನೂರು, ಚಾಮರಾಜನಗರದಲ್ಲೂ ನೂರು. ರೋಗಿಯ ವಿವರ ಹಾಗಲ್ಲ. ಅದನ್ನು ಕಳಿಸುವುದು ದೊಡ್ಡ ಮಾತೇ ಅಲ್ಲ. ಆಸ್ಪತ್ರೆಯ ಯಂತ್ರಗಳ ನಡುವೆ ಸಂದೇಶ ಕಳಿಸುವ ರೀತಿಯನ್ನು ಗೊತ್ತುಮಾಡಲು ಅಮೆರಿಕದಲ್ಲಿ ಎಚ್‌ಎಲ್7 ಎಂಬ ಸಂಸ್ಥೆ 1987ರಲ್ಲೇ ಹುಟ್ಟಿತು. ಅದು ರೂಪಿಸಿದ ನಿಯಮಗಳ ಎರಡನೇ ಆವೃತ್ತಿಯ ಸಂದೇಶಗಳು ಇವತ್ತಿಗೂ ಪ್ರಪಂಚದ ಸಾವಿರಾರು ಆಸ್ಪತ್ರೆಗಳ ಲ್ಯಾಬುಗಳಲ್ಲಿ ಓಡಾಡುತ್ತಿವೆ. ಆದರೆ ಆ ನಿಯಮಗಳಲ್ಲಿ ಎಷ್ಟು ಸಡಿಲವಿತ್ತೆಂದರೆ ಪ್ರತಿ ಆಸ್ಪತ್ರೆಯೂ ತನ್ನದೇ ಅಂಕಣಗಳನ್ನು ಸೇರಿಸಿಕೊಂಡಿತು, ಪ್ರತಿ ಜೋಡಣೆಗೂ ಎಂಜಿನಿಯರುಗಳು ಹೊಸದಾಗಿ ಕೂರಬೇಕಾಯಿತು. 2011ರಲ್ಲಿ ಆಸ್ಟ್ರೇಲಿಯದ ಗ್ರಹಾಂ ಗ್ರೀವ್ ಅದಕ್ಕೊಂದು ಸರಳ ದಾರಿ ತೋರಿಸಿದರು. ರೋಗಿ, ಔಷಧ, ಪರೀಕ್ಷೆಯ ಫಲಿತಾಂಶ, ಅಲರ್ಜಿ ಹೀಗೆ ಒಂದೊಂದನ್ನೂ ಬಿಡಿ ಘಟಕವಾಗಿಸಿ, ಇಂಟರ್‌ನೆಟ್ಟಿನ ಮಾಮೂಲಿ ವಿಧಾನದಲ್ಲೇ ಕೇಳಿ ಪಡೆಯುವ ದಾರಿ ಅದು. ಫೈರ್ ಎಂದು ಕರೆಯುವ ಆ ಮಾನಕದ ನಾಲ್ಕನೇ ಬಿಡುಗಡೆಯನ್ನೇ ನಮ್ಮ ದೇಶವೂ ಒಪ್ಪಿಕೊಂಡಿದೆ.

ದಾರಿಯಾಯಿತು. ಹೋಗುವ ಮಾತಿನ ಅರ್ಥ? ನಮ್ಮಲ್ಲಿ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತೇವೆ. ಬ್ರಿಟನ್ನಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎನ್ನುತ್ತಾರೆ. ನಮ್ಮ 180 ಅಲ್ಲಿ 10. ಮಗನ ಮನೆಗೆಂದು ಲಂಡನ್ನಿಗೆ ಹೋದ ಹುಬ್ಬಳ್ಳಿಯ ತಾಯಿಯೊಬ್ಬರ ವರದಿಯಲ್ಲಿ ಅಳತೆಯ ಮಾನ ಬಿಟ್ಟುಹೋಗಿ ಬರೀ ಸಂಖ್ಯೆ ಉಳಿದರೆ, ಅಲ್ಲಿನ ಕಂಪ್ಯೂಟರು ಏನು ತಿಳಿಯಬೇಕು? ಹಿಮೋಗ್ಲೋಬಿನ್ನೂ ಅಷ್ಟೆ, ನಮ್ಮ 11 ಅವರಿಗೆ 110. ಅಮೆರಿಕದಲ್ಲಿ 05/08 ಎಂದರೆ ಮೇ ತಿಂಗಳ 8, ನಮಗೆ ಆಗಸ್ಟ್ 5. ಕೊನೆಯ ಮುಟ್ಟಿನ ದಿನದಿಂದ ಹೆರಿಗೆಯ ದಿನವನ್ನು ಲೆಕ್ಕ ಹಾಕುವ ನಮ್ಮ ಕೆಲಸದಲ್ಲಿ ಈ ಮೂರು ತಿಂಗಳ ವ್ಯತ್ಯಾಸ ಸಣ್ಣದಲ್ಲ. ಮನುಷ್ಯ ಓದಿದರೆ ಸಂದರ್ಭ ನೋಡಿ ತಿದ್ದಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಸಂದೇಹ ಹುಟ್ಟುವುದೇ ಇಲ್ಲ.

ಅದಕ್ಕಾಗಿಯೇ ಪ್ರತಿ ಪರೀಕ್ಷೆಗೂ ಪ್ರತಿ ರೋಗಕ್ಕೂ ಎಲ್ಲರೂ ಒಪ್ಪಿದ ಸಂಕೇತ ಬೇಕಾಯಿತು. ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ 1994ರಲ್ಲಿ ಲಾಯಿಂಕ್ ಎಂಬ ಪಟ್ಟಿ ಶುರುವಾಯಿತು. ಅದರಲ್ಲಿ ರಕ್ತದ ಹಿಮೋಗ್ಲೋಬಿನ್ನಿಗೆ 718-7 ಎಂಬ ಸಂಕೇತ. ಲ್ಯಾಬಿನವರು ಎಚ್‌ಬಿ ಎನ್ನಲಿ, ಹೆಚ್‌ಜಿಬಿ ಎನ್ನಲಿ, ಸಂಕೇತ ಒಂದೇ ಆಗಿದ್ದರೆ ಯಂತ್ರಕ್ಕೆ ತಿಳಿಯುತ್ತದೆ. ರೋಗಗಳ ಹೆಸರಿಗೆ ಸ್ನೋಮೆಡ್ ಇದೆ. ಭಾರತ 2014ರಲ್ಲೇ ಅದರ ಸದಸ್ಯ ರಾಷ್ಟ್ರವಾದ್ದರಿಂದ ನಮ್ಮಲ್ಲಿ ಬಳಸಲು ಶುಲ್ಕ ಕೊಡಬೇಕಿಲ್ಲ. ಕೇಂದ್ರ ಸರ್ಕಾರ 2013ರಲ್ಲಿ ಮೊದಲ ಬಾರಿಗೆ, 2016ರಲ್ಲಿ ಪರಿಷ್ಕರಿಸಿ, ಇಂಥ ಮಾನಕಗಳನ್ನು ಪ್ರಕಟಿಸಿತು. ಪುಣೆಯ ಸಿ-ಡ್ಯಾಕ್‌ನಲ್ಲಿ ಇದಕ್ಕೆಂದೇ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವಿದೆ. ಅಂದರೆ ಪುಸ್ತಕದಲ್ಲಿ ನಾವು ಹಿಂದೆ ಬಿದ್ದಿಲ್ಲ.

ಹಿಂದೆ ಬಿದ್ದಿರುವುದು ಗುರುತಿನಲ್ಲಿ. ಎರಡು ದಾಖಲೆಗಳಲ್ಲಿರುವವರು ಒಬ್ಬರೇ ಹೌದೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಸಮಸ್ಯೆಗೆ ಹೊರದೇಶದಿಂದ ತಂದ ಸಿದ್ಧ ಪರಿಹಾರ ನಡೆಯುವುದಿಲ್ಲ.

ಎರಡು ದಾಖಲೆಗಳು ಒಬ್ಬರವೇ ಎಂದು ಸಂಭಾವ್ಯತೆಯ ಲೆಕ್ಕದಿಂದ ಹೇಳುವ ಗಣಿತವನ್ನು ಕೆನಡಾದ ಫೆಲೆಗಿ ಮತ್ತು ಸಂಟರ್ 1969ರಲ್ಲಿ ಕ್ರಮಬದ್ಧವಾಗಿ ಕಟ್ಟಿಕೊಟ್ಟರು. ಹೆಸರು ಕೂಡಿದರೆ ಇಷ್ಟು ತೂಕ, ಹುಟ್ಟಿದ ದಿನ ಕೂಡಿದರೆ ಅಷ್ಟು ತೂಕ, ಒಟ್ಟು ತೂಕ ಒಂದು ಮಿತಿ ದಾಟಿದರೆ ಒಬ್ಬರೇ. ಸೊಗಸಾದ ಗಣಿತ. ಅದನ್ನು ನಮ್ಮೂರಿಗೆ ತನ್ನಿ. ಅಲ್ಲಿ ಹುಟ್ಟಿದ ದಿನಕ್ಕೆ ಭಾರಿ ತೂಕ. ಇಲ್ಲಿ ಎಷ್ಟೋ ಹಿರಿಯರ ಗುರುತಿನ ಚೀಟಿಯಲ್ಲಿ ಜನವರಿ 1 ಎಂದಿದೆ, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಜೂನ್ 1 ಎಂದಿದೆ. ಅಲ್ಲಿ ಮನೆತನದ ಹೆಸರು ಒಂದು ಆಸರೆ. ಇಲ್ಲಿ ಅರ್ಧ ಕರ್ನಾಟಕಕ್ಕೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ ಇದೆ. ಅದು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಊರಿನದು, ಒಮ್ಮೆ ತಂದೆಯದು. ಲಕ್ಷ್ಮಮ್ಮನನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ 'ಕೆಎಸ್' ಹಾಕುತ್ತಾನೆ, ಇನ್ನೊಬ್ಬ 'ಎಕ್ಸ್' ಹಾಕುತ್ತಾನೆ. ಮಂಜುನಾಥನ ಕೊನೆಯ 'ಎ' ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಇನ್ನು ನಮ್ಮ ಗರ್ಭಿಣಿ. ಗಂಡನ ಊರಿನ ದಾಖಲೆಯಲ್ಲಿ ಆಕೆ ಇಂಥವನ ಹೆಂಡತಿ, ತವರಿನ ಆಸ್ಪತ್ರೆಯ ಚೀಟಿಯಲ್ಲಿ ಇಂಥವರ ಮಗಳು. ವಿಳಾಸ ಬೇರೆ, ಸಂಬಂಧದ ಹೆಸರು ಬೇರೆ, ಫೋನ್ ನಂಬರು ಅಲ್ಲಿ ಗಂಡನದು ಇಲ್ಲಿ ಅಣ್ಣನದು. ಲೆಕ್ಕ ಹಾಕುವ ಯಂತ್ರಕ್ಕೆ ಆಕೆ ಇಬ್ಬರು ಹೆಂಗಸರು.

ಒಬ್ಬಳು ಇಬ್ಬರಾದರೆ ವಿವರ ಸಿಗುವುದಿಲ್ಲ. ಇಬ್ಬರು ಒಬ್ಬಳಾದರೆ ಅದಕ್ಕಿಂತ ಘೋರ. ಒಬ್ಬಳ ರಕ್ತದ ಗುಂಪು ಇನ್ನೊಬ್ಬಳ ಹೆಸರಿನಲ್ಲಿ ಕೂತುಬಿಡುತ್ತದೆ. ಜೋಡಿಸದೆ ಬಿಟ್ಟ ತಪ್ಪು ಕಣ್ಣಿಗೆ ಕಾಣುತ್ತದೆ, ತಪ್ಪಾಗಿ ಜೋಡಿಸಿದ್ದು ಸತ್ಯದ ವೇಷದಲ್ಲಿರುತ್ತದೆ.

ಒಬ್ಬರ ಬಿಡಿ ದಾಖಲೆಗಳನ್ನು ಗುರುತಿಸಿ ಜೋಡಿಸುವ ಈ ಕೆಲಸವನ್ನು ಕರ್ನಾಟಕದಲ್ಲಿ ನಾಲ್ಕು ದಶಕಗಳಿಂದ ಮಾಡಿಕೊಂಡು ಬಂದಿರುವ ಜನ ಇದ್ದಾರೆ. ಅವರನ್ನು ಇವತ್ತಿನ ಡಿಜಿಟಲ್ ಚರ್ಚೆಗಳಲ್ಲಿ ಯಾರೂ ನೆನೆಯದಿರುವುದು ನನಗೆ ನೋವಿನ ಸಂಗತಿ. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ 1982ರಿಂದ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ನಡೆದಿದೆ. ಬೆಂಗಳೂರಿನದು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿದೆ. ಅಲ್ಲಿನ ಸಿಬ್ಬಂದಿ ವಿವರ ತಾನಾಗಿ ಬರಲಿ ಎಂದು ಕಾಯುವುದಿಲ್ಲ. ಆಸ್ಪತ್ರೆ ಆಸ್ಪತ್ರೆಗೆ, ಲ್ಯಾಬಿಗೆ, ಮರಣ ನೋಂದಣಿ ಕಚೇರಿಗೆ ತಾವೇ ಹೋಗಿ ದಾಖಲೆ ತೆಗೆದು ನೋಡುತ್ತಾರೆ. ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಇನ್ನೊಂದರಲ್ಲಿ ವಿಕಿರಣ, ಮತ್ತೊಂದರಲ್ಲಿ ಸಾವು. ಈ ಮೂರೂ ಕಡೆ ಮೂರು ಬಗೆಯಾಗಿ ಬರೆದ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆಯೇ ಎಂದು ವಯಸ್ಸು, ವಿಳಾಸ, ಗಡ್ಡೆಯ ಜಾಗ ಎಲ್ಲವನ್ನೂ ಹೋಲಿಸಿ ತೀರ್ಮಾನಿಸುತ್ತಾರೆ. ಬೆಂಗಳೂರಿನಲ್ಲಿ ಯಾವ ಕ್ಯಾನ್ಸರ್ ಹೆಚ್ಚುತ್ತಿದೆ ಎಂದು ಪತ್ರಿಕೆಗಳಲ್ಲಿ ನಾವು ಓದುವ ಅಂಕಿ ಈ ಶ್ರಮದ ಮೇಲೆ ನಿಂತಿದೆ. ನಮ್ಮ ಹೆಸರುಗಳು ಹೇಗೆ ಹೇಗೆ ಬದಲಾಗುತ್ತವೆ ಎಂಬ ತಿಳಿವಳಿಕೆ ಅವರ ಕೈಯಲ್ಲಿದೆ. ಕನ್ನಡ ಹೆಸರುಗಳನ್ನು ಹೋಲಿಸುವ ತಂತ್ರಾಂಶ ಬರೆಯುವವರು ಮೊದಲು ಅವರ ಬಳಿ ಕುಳಿತು ಕಲಿಯಬೇಕು ಎಂದು ನಾನು ನಂಬಿದ್ದೇನೆ.

ಗುರುತಿನ ಪ್ರಶ್ನೆಗೆ ಕೇಂದ್ರ ಸರ್ಕಾರ ಕೊಟ್ಟಿರುವ ಉತ್ತರ ಆಭಾ ಎಂಬ 14 ಅಂಕಿಯ ಸಂಖ್ಯೆ. 2020ರ ಆಗಸ್ಟ್ 15ರಂದು ಘೋಷಣೆಯಾಗಿ, ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದು, 2021ರ ಸೆಪ್ಟೆಂಬರ್ 27ರಂದು ಇಡೀ ದೇಶಕ್ಕೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂತು. ಇದರ ವಿನ್ಯಾಸದಲ್ಲಿ ಒಂದು ವಿವೇಕವಿದೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ರೋಗಿಯ ವಿವರಗಳನ್ನೆಲ್ಲ ದೆಹಲಿಯ ಒಂದು ಉಗ್ರಾಣದಲ್ಲಿ ಸುರಿಯುವ ಯೋಜನೆ ಇದಲ್ಲ. ವಿವರ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ಇನ್ನೊಂದು ಆಸ್ಪತ್ರೆ ಕೇಳಿದಾಗ ರೋಗಿಗೆ ಕೋರಿಕೆ ಹೋಗುತ್ತದೆ. ಯಾರು ಕೇಳುತ್ತಿದ್ದಾರೆ, ಯಾವ ಕಾರಣಕ್ಕೆ, ಯಾವ ಬಗೆಯ ದಾಖಲೆ, ಯಾವ ದಿನದಿಂದ ಯಾವ ದಿನದವರೆಗಿನದು, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ರೋಗಿ ಒಪ್ಪಿದರೆ ವಿವರ ಬೀಗ ಹಾಕಿಕೊಂಡು ಹೋಗುತ್ತದೆ. ನಡುವಿನ ಗೇಟ್‌ವೇ ಅಂಚೆಯವನಂತೆ, ಲಕೋಟೆ ತಲುಪಿಸುತ್ತದೆ, ಒಡೆದು ನೋಡುವುದಿಲ್ಲ. ಕೊಟ್ಟ ಒಪ್ಪಿಗೆಯನ್ನು ರೋಗಿ ಹಿಂದಕ್ಕೆ ಪಡೆಯಬಹುದು.

ಬ್ರಿಟನ್ ಇಂಥ ಕೆಲಸವನ್ನು 2002ರಲ್ಲಿ ಮೇಲಿನಿಂದ ಹೇರಲು ಹೋಯಿತು. ವೈದ್ಯರನ್ನು ಸರಿಯಾಗಿ ಕೇಳದೆ ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಟ್ಟು, ಕೋಟಿಗಟ್ಟಲೆ ಪೌಂಡು ಸುರಿದು, 2011ರಲ್ಲಿ ಕಾರ್ಯಕ್ರಮವನ್ನೇ ಬಿಚ್ಚಿಹಾಕುವುದಾಗಿ ಘೋಷಿಸಿತು. ಅಮೆರಿಕ 2009ರ ಕಾಯಿದೆಯಲ್ಲಿ ಆಸ್ಪತ್ರೆಗಳಿಗೆ ಹಣ ಕೊಟ್ಟು ಕಂಪ್ಯೂಟರು ಹಾಕಿಸಿತು. ಹಾಕಿಸಿಕೊಂಡವರು ವಿವರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ರೋಗಿಯನ್ನು ತಮ್ಮಲ್ಲೇ ಉಳಿಸಿಕೊಳ್ಳಲು ಅದೊಂದು ದಾರಿಯಾಗಿತ್ತು. ಕೊನೆಗೆ 2016ರಲ್ಲಿ ವಿವರ ತಡೆಹಿಡಿಯುವುದನ್ನೇ ನಿಷೇಧಿಸುವ ಕಾನೂನು ತರಬೇಕಾಯಿತು. ತಂತ್ರಜ್ಞಾನ ಇದ್ದ ಮಾತ್ರಕ್ಕೆ ಕೊಡುವ ಮನಸ್ಸು ಬರುವುದಿಲ್ಲ. ನಮ್ಮಲ್ಲೂ ವೈದ್ಯಕೀಯ ಮಂಡಳಿಯ 2002ರ ನಿಯಮಗಳು, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ಹೇಳಿದ್ದವು. ದಾಖಲೆ ವಿಭಾಗದ ಕಿಟಕಿಯ ಮುಂದೆ ನಿಂತವರಿಗೆ ಅದು ಎಷ್ಟು ಪಾಲನೆಯಾಗುತ್ತದೆ ಎಂಬುದು ಗೊತ್ತು.

ಈಗ ಒಪ್ಪಿಗೆಯ ವಿಷಯ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಇಳಿವಯಸ್ಸಿನಲ್ಲಿ. ಅವರು ಗಳಿಸಿಕೊಟ್ಟ ಹಕ್ಕು ನಮ್ಮ ಗರ್ಭಿಣಿಗೂ ಸೇರಿದ್ದು. ಆದರೆ ಆಕೆಯ ಒಪ್ಪಿಗೆಯ ಓಟಿಪಿ ಬರುವುದು ಯಾರ ಫೋನಿಗೆ? ಎಷ್ಟೋ ಮನೆಗಳಲ್ಲಿ ಗಂಡನ ಫೋನಿಗೆ, ಇಲ್ಲವೇ ಮಾವನ ಫೋನಿಗೆ. ಆಕೆ ತವರಿನ ಆಸ್ಪತ್ರೆಯಲ್ಲಿ ನೋವು ತಿನ್ನುತ್ತಿರುವಾಗ ಆ ಫೋನು ಎಲ್ಲೋ ತೋಟದಲ್ಲಿರುತ್ತದೆ. ಅದು ಒಂದು ತೊಂದರೆ. ಇನ್ನೊಂದು ಇದಕ್ಕಿಂತ ದೊಡ್ಡದು. ಮದುವೆಗೆ ಮುಂಚಿನ ಗರ್ಭಪಾತ, ಮಾನಸಿಕ ಚಿಕಿತ್ಸೆ, ಎಚ್‌ಐವಿ ಪರೀಕ್ಷೆ, ಇವೆಲ್ಲ ಒಂದೇ ಸಂಖ್ಯೆಯಡಿ ಕೂಡಿ, ಆ ಸಂಖ್ಯೆಯ ಕೀಲಿ ಇನ್ನೊಬ್ಬರ ಜೇಬಿನಲ್ಲಿದ್ದರೆ ಏನಾಗುತ್ತದೆ? 2017ರ ಎಚ್‌ಐವಿ ಕಾಯಿದೆ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆ, ಎರಡೂ ಈ ವಿವರಗಳ ಗುಟ್ಟನ್ನು ಕಾಯಲು ಹೇಳುತ್ತವೆ. ಈಗಿನ ಒಪ್ಪಿಗೆಯಲ್ಲಿ ಔಷಧ ಚೀಟಿ, ಲ್ಯಾಬ್ ವರದಿ, ಡಿಸ್ಚಾರ್ಜ್ ಸಾರಾಂಶ ಎಂದು ದಾಖಲೆಯ ಬಗೆಯನ್ನು ಆರಿಸಬಹುದು. ಆದರೆ ಡಿಸ್ಚಾರ್ಜ್ ಸಾರಾಂಶದ ಒಳಗೆ ಬರೆದಿರುವ ಒಂದು ಸಾಲನ್ನು ಮರೆಮಾಡುವುದು ಸುಲಭವಲ್ಲ. ಹಾಗಾಗಿ, ಸೂಕ್ಷ್ಮ ವಿವರಗಳನ್ನು ಬರೆಯುವಾಗಲೇ ಬೇರೆ ದಾಖಲೆಯಾಗಿ ಇಡುವ ಶಿಸ್ತು ವೈದ್ಯರಾದ ನಮಗೆ ಬರಬೇಕು. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಮತ್ತು ಐಐಐಟಿ-ಬೆಂಗಳೂರು ಜೊತೆಗೂಡಿ ಮಾನಸಿಕ ಆರೋಗ್ಯಕ್ಕೆಂದೇ ಇ-ಮನಸ್ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಕಟ್ಟಿದ್ದರ ಮಹತ್ವ ಇಲ್ಲಿದೆ.

ಯಂತ್ರಗಳೂ ಸುರಕ್ಷಿತವೆಂದು ತಿಳಿಯಬೇಡಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ, ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ಅದಕ್ಕೇ, ಕಾಗದದ ತಾಯಿ ಕಾರ್ಡನ್ನು ಯಾರಾದರೂ ನಿಲ್ಲಿಸಲು ಹೊರಟರೆ ನಾನು ವಿರೋಧಿಸುತ್ತೇನೆ.

ಇಷ್ಟು ಹೇಳಿದ ಮೇಲೆ, ಎಎನ್‌ಎಂ ಸಿಸ್ಟರುಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗರ್ಭಿಣಿಯ ವಿವರವನ್ನು ಅವರು ಆರ್‌ಸಿಹೆಚ್ ಪೋರ್ಟಲ್‌ಗೆ ತುಂಬುತ್ತಾರೆ. ಆಕೆಗೆ ಕ್ಷಯವಿದ್ದರೆ ನಿಕ್ಷಯ್‌ನಲ್ಲಿ ಬೇರೆ ನಮೂದು, ಬಿಪಿ ಸಕ್ಕರೆಯ ತಪಾಸಣೆಗೆ ಮತ್ತೊಂದು ಕಡೆ ನಮೂದು. ಇವೆಲ್ಲ ಒಂದೇ ಸರ್ಕಾರದವು, ಒಂದೇ ಹೆಂಗಸಿನ ವಿವರ. ಹಗಲು ಮನೆ ಮನೆ ತಿರುಗಿ, ರಾತ್ರಿ ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ ಅದನ್ನೇ ಮತ್ತೆ ಮತ್ತೆ ತುಂಬುವ ಕೆಲಸ ಅವರದು. ವ್ಯವಸ್ಥೆಗಳು ಒಂದಕ್ಕೊಂದು ಮಾತಾಡದಿದ್ದಾಗ ಅವುಗಳ ನಡುವಿನ ತಂತಿಯಾಗಿ ದುಡಿಯುವವರು ಈ ಹೆಣ್ಣುಮಕ್ಕಳು. ಒಂದು ಸಲ ಬರೆದದ್ದನ್ನು ಎರಡನೇ ಸಲ ಬರೆಸಬಾರದು ಎಂಬುದೇ ಈ ಕೆಲಸದ ಮೊದಲ ಅಳತೆಗೋಲಾಗಲಿ. ಎಷ್ಟು ಕೋಟಿ ಆಭಾ ಸಂಖ್ಯೆಗಳನ್ನು ಹಂಚಿದೆವು ಎಂಬುದು ಅಳತೆಯಲ್ಲ. ದಾಖಲೆಯ ಫೋಟೋ ಹೊಡೆದು ಪಿಡಿಎಫ್ ಮಾಡಿ ಮಾನಕದ ಹೊದಿಕೆಯೊಳಗೆ ಸೇರಿಸಿದರೂ ಲೆಕ್ಕಕ್ಕೆ ದಾಖಲೆ ಜೋಡಣೆಯಾಯಿತು. ಆದರೆ ಆ ಫೋಟೋದೊಳಗಿನ ಹಿಮೋಗ್ಲೋಬಿನ್ ಏಳಕ್ಕಿಂತ ಕಡಿಮೆ ಇದೆ ಎಂದು ಯಂತ್ರ ಯಾರನ್ನೂ ಎಚ್ಚರಿಸಲಾರದು.

ಹಾಗಾದರೆ ಎಲ್ಲಿಂದ ಶುರುಮಾಡೋಣ? ನನ್ನ ಉತ್ತರ, ಚಿಕ್ಕದರಿಂದ. ಜೀವಮಾನದ ಇಡೀ ಕಡತ ಬೇಡ. ಅಪರಿಚಿತ ವೈದ್ಯರಿಗೆ ಮೊದಲ ಹತ್ತು ನಿಮಿಷದಲ್ಲಿ ಬೇಕಾಗುವ ಸಾರ ಸಾಕು. ಈಗಿರುವ ರೋಗಗಳು, ತೆಗೆದುಕೊಳ್ಳುವ ಔಷಧ, ಅಲರ್ಜಿ, ಮುಖ್ಯ ಪರೀಕ್ಷೆಗಳು. ಇಂಥ ರೋಗಿ ಸಾರಾಂಶಕ್ಕೆ 2021ರಲ್ಲೇ ಅಂತರರಾಷ್ಟ್ರೀಯ ಮಾನಕ ಬಂದಿದೆ. ನಮ್ಮ ರಾಜ್ಯ ಇದನ್ನು ಗರ್ಭಿಣಿಯರಿಂದ ಆರಂಭಿಸಬಹುದು. ಆರೋಗ್ಯ ಕೇಂದ್ರದಲ್ಲಿ ಪ್ರತಿ ತಪಾಸಣೆಯ ನಂತರ ಸಾರ ತಾನಾಗಿ ಹೊಸದಾಗಲಿ. ತಾಯಿ ಕಾರ್ಡಿನ ಮೇಲೊಂದು ಕ್ಯೂಆರ್ ಇರಲಿ, ಕಾಗದವೂ ಕಂಪ್ಯೂಟರೂ ಒಂದನ್ನೊಂದು ಆತುಕೊಳ್ಳಲಿ. ಆಕೆಯ ಒಪ್ಪಿಗೆಯನ್ನು ನೋವು ಬರುವ ಮುಂಚೆ, ಏಳನೇ ತಿಂಗಳಲ್ಲೇ, ಸಿಸ್ಟರ್ ಎದುರು ಕೂತು ಆಕೆಯೊಬ್ಬಳನ್ನೇ ಕೇಳಿ ಪಡೆಯಲಿ. ಹೆರಿಗೆಯಾದ ಮೇಲೆ ತವರಿನ ಆಸ್ಪತ್ರೆ ತನ್ನ ಸಾರಾಂಶವನ್ನು ಗಂಡನ ಊರಿನ ಕೇಂದ್ರಕ್ಕೆ ಹಿಂದಿರುಗಿಸಲಿ. ಈಗ ಆಗದೇ ಇರುವುದು ಹೆಚ್ಚಾಗಿ ಅದೇ.

ಎಸ್ಟೋನಿಯಾ ಎಂಬ ಪುಟ್ಟ ದೇಶವಿದೆ. ಅಲ್ಲಿನ ಜನಸಂಖ್ಯೆ ಸುಮಾರು 13 ಲಕ್ಷ, ನಮ್ಮ ಮೈಸೂರು ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. 2008ರಿಂದ ಅಲ್ಲಿ ರಾಷ್ಟ್ರೀಯ ಆರೋಗ್ಯ ಮಾಹಿತಿ ವ್ಯವಸ್ಥೆಯಿದೆ. ತನ್ನ ದಾಖಲೆಯನ್ನು ಯಾವ ದಿನ ಯಾರು ತೆರೆದು ನೋಡಿದರು ಎಂಬುದನ್ನು ಅಲ್ಲಿನ ಪ್ರಜೆ ತಾನೇ ನೋಡಬಹುದು. ಕಾರಣವಿಲ್ಲದೆ ನೋಡಿದವರನ್ನು ಪ್ರಶ್ನಿಸಬಹುದು. ಜನ ಆ ವ್ಯವಸ್ಥೆಯನ್ನು ನಂಬುವುದಕ್ಕೆ ಇದು ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ಆರೋಗ್ಯ ಇಲಾಖೆಯ ಅಧಿಕಾರಿಗಳು ಈ ಸಭೆಯಲ್ಲಿದ್ದಾರೆ, ಅವರಲ್ಲಿ ನನ್ನ ಕೋರಿಕೆ ಒಂದೇ. ನಮ್ಮ ಹೆಣ್ಣುಮಗಳಿಗೂ ಆ ಪಟ್ಟಿ ಸಿಗಬೇಕು. ಯಾರು ನೋಡಿದರು, ಎಂದು, ಯಾಕೆ ಎಂಬುದೆಲ್ಲ ಕನ್ನಡದಲ್ಲಿರಬೇಕು. ಓದಲು ಬಾರದವರಿಗೆ ಫೋನಿನಲ್ಲಿ ಕೇಳಿಸಬೇಕು. ಫೋನೇ ಇಲ್ಲದವರಿಗೆ ಆರೋಗ್ಯ ಕೇಂದ್ರದಲ್ಲಿ ಕೇಳಿದ ದಿನವೇ ಅಚ್ಚು ಹಾಕಿ ಕೊಡಬೇಕು. ಮುಂದಿನ ಟೆಂಡರಿನ ಷರತ್ತುಗಳಲ್ಲಿ ಈ ಮೂರು ಸಾಲನ್ನು ಸೇರಿಸುವುದಕ್ಕೆ ದೆಹಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ.